ನೆರೆ ಪರಿಹಾರಕ್ಕೂ ಸೇನೆಗೂ ಒಂದೇ ಕಂಟೇನರ್ ಮನೆ ಮಾಡಿ ಮಾರಬಹುದೇ?

ಹಳೆಯ ಶಿಪ್ಪಿಂಗ್ ಕಂಟೇನರ್ ಕೊಂಡು ಮಾರ್ಪಡಿಸುವುದು ಲಾಭವೋ, ಎರಡು ತಗಡುಗಳ ನಡುವೆ ಶಾಖ ತಡೆಯುವ ಪಾಲಿಯುರೆಥೇನ್ ನೊರೆ ತುಂಬಿದ ಪಫ್ ಪ್ಯಾನೆಲ್‌ನಲ್ಲಿ ಹೊಸ ಘಟಕ ಕಟ್ಟುವುದು ಲಾಭವೋ ಎಂದು ಚಿತ್ರದುರ್ಗದಿಂದ ಕೇಳಿದ್ದೀರಿ. ಅದೇ ಘಟಕವನ್ನು ನೆರೆ ಪರಿಹಾರಕ್ಕೂ ಸೇನೆಗೂ ಮಾರುವ ಯೋಚನೆ ನಿಮ್ಮದು. ನಾನು ಕೂಡ ಇದೇ ಲೆಕ್ಕ ಹಾಕಿ ಕೈ ಸುಟ್ಟುಕೊಂಡವನು.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡಿತ್ತು. ಗೇಟು, ಗ್ರಿಲ್ಲು, ರೋಲಿಂಗ್ ಶಟರ್ ಮಾಡುತ್ತಿದ್ದ ನಾವು, ಹೆದ್ದಾರಿ ಅಗಲೀಕರಣದ ಗುತ್ತಿಗೆದಾರರಿಗೆ ಸೈಟ್ ಆಫೀಸುಗಳನ್ನು ಕಟ್ಟಿಕೊಡುತ್ತಾ ಪ್ಯಾನೆಲ್ ಕೆಲಸ ಕಲಿತೆವು. 2020ರ ಬೇಸಿಗೆಯ ನಂತರ ಪೂರ್ವ ಲಡಾಖ್‌ನಲ್ಲಿ ಸೈನಿಕರ ಸಂಖ್ಯೆ ಹೆಚ್ಚಿ, ಚಳಿಗಾಲದ ವಸತಿಗೆ ಏಕಾಏಕಿ ಬೇಡಿಕೆ ಬಂದಿತು. ಅಂಥದೊಂದು ಕೆಲಸ ಹಿಡಿದಿದ್ದ ಬೆಂಗಳೂರಿನ ಗುತ್ತಿಗೆದಾರರೊಬ್ಬರು ಅದರಲ್ಲಿ ಒಂದು ಪಾಲನ್ನು ನಮಗೆ ಒಪ್ಪಿಸಿದರು. ಬಿಚ್ಚಿ ಲಾರಿಗೆ ಹೇರಿ, ಮೇಲೆ ಒಯ್ದು ಮತ್ತೆ ಜೋಡಿಸುವ 20 ಅಡಿಯ ಘಟಕಗಳು. ತಡವಾದ ಪ್ರತಿ ವಾರಕ್ಕೆ ಶೇ. 0.5ರಂತೆ, ಗರಿಷ್ಠ ಶೇ. 10ರವರೆಗೆ ದಂಡ ಎಂಬ ಸರ್ಕಾರಿ ಖರೀದಿಯ ಮಾಮೂಲಿ ಷರತ್ತು ನಮ್ಮ ತಲೆಯ ಮೇಲೂ ಇತ್ತು. ಹಾಗಾಗಿ ಹೊಸ ವಿನ್ಯಾಸಕ್ಕೆ ಕೈ ಹಾಕದೆ, ಇಲ್ಲಿ ಚೆನ್ನಾಗಿ ನಡೆಯುತ್ತಿದ್ದ ಸೈಟ್ ಆಫೀಸಿನ ವಿನ್ಯಾಸವನ್ನೇ ದಪ್ಪ ಪ್ಯಾನೆಲ್ ಹಾಕಿ ಕಳುಹಿಸಿದೆವು.

ತಪ್ಪು ನಡೆದದ್ದು ಅಲ್ಲಿಯೇ. ನೀವು ಕಟ್ಟಹೊರಟಿರುವುದೂ ಬಹುಶಃ ಅದೇ ವಿನ್ಯಾಸವಾದ್ದರಿಂದ ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ.

ನಮ್ಮ ಘಟಕದಲ್ಲಿ ಮೂಲೆಗೊಂದು ಕಂಬ, ಮೇಲೆ ಕೆಳಗೆ ತೊಲೆ, ಎಲ್ಲವೂ ಉಕ್ಕಿನ ಚದರ ಟ್ಯೂಬು. ಪ್ಯಾನೆಲ್ಲುಗಳನ್ನು ಕಂಬಗಳ ನಡುವೆ ಕೂರಿಸುತ್ತಿದ್ದೆವು. ನೋಡಲು ಅಚ್ಚುಕಟ್ಟು, ಜೋಡಿಸಲು ಸುಲಭ. ಆದರೆ ಹೀಗೆ ಕೂರಿಸಿದಾಗ ಪ್ರತಿ ಕಂಬದ ಒಂದು ಮುಖ ಬಯಲಿಗೆ, ಇನ್ನೊಂದು ಮುಖ ಮಲಗುವ ಕೋಣೆಗೆ ತೆರೆದಿರುತ್ತದೆ. ಪಫ್‌ಗಿಂತ ಉಕ್ಕು ಸುಮಾರು 2,000 ಪಟ್ಟು ಹೆಚ್ಚು ಶಾಖವನ್ನು ಸಾಗಿಸುತ್ತದೆ. ಪ್ಯಾನೆಲ್ ಎಷ್ಟೇ ದಪ್ಪವಾಗಿದ್ದರೂ, ಹೊರಗಿನ ಚಳಿ ಕಂಬದ ಮೂಲಕ ನೇರವಾಗಿ ಹಾಸಿಗೆಯ ಪಕ್ಕಕ್ಕೇ ಬಂದು ನಿಲ್ಲುತ್ತದೆ. ದಾವಣಗೆರೆಯ ಏಪ್ರಿಲ್ ಮಧ್ಯಾಹ್ನದಲ್ಲಿ ನಾವು ಒಳಗೆ ಕುಳಿತು ನೋಡಿದ್ದೆವು, ತಂಪಾಗಿತ್ತು. ಪೈಪಿನಿಂದ ನೀರು ಹಾಯಿಸಿ ನೋಡಿದ್ದೆವು, ಒಂದು ಹನಿಯೂ ಸೋರಲಿಲ್ಲ. ಬಿಸಿಲನ್ನೂ ಮಳೆಯನ್ನೂ ಪರೀಕ್ಷಿಸಿದ ನಾವು ಚಳಿಯನ್ನು ಪರೀಕ್ಷಿಸಲಿಲ್ಲ, ಏಕೆಂದರೆ ನಮ್ಮೂರಿನಲ್ಲಿ ಪರೀಕ್ಷಿಸುವಂಥ ಚಳಿಯೇ ಇರಲಿಲ್ಲ.

ಚಳಿಗಾಲ ಹಿಡಿದ ಮೇಲೆ ಮೊದಲು ಬಂದದ್ದು ಫೋನಿನಲ್ಲಿ ಒಂದು ಫೋಟೋ. ಸೂರಿನ ತೊಲೆಯ ಉದ್ದಕ್ಕೂ ಸಾಲಾಗಿ ನೀರಿನ ಹನಿಗಳು. ತೊಲೆಯ ಕೆಳಗೆ ಸೈನಿಕರು ಪಾಲಿಥೀನ್ ಹಾಳೆಯೊಂದನ್ನು ತೊಟ್ಟಿಲಿನಂತೆ ಇಳಿಬಿಟ್ಟು, ನೀರು ಒಂದು ಮೂಲೆಯ ಡಬ್ಬಕ್ಕೆ ಇಳಿಯುವಂತೆ ಕಟ್ಟಿಕೊಂಡಿದ್ದರು. ಬಾಗಿಲ ಬುಡದ ಪ್ಲೈವುಡ್ ಉಬ್ಬಿ, ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಮೇಲ್ಛಾವಣಿ ಸೋರುತ್ತಿದೆ ಎಂದೇ ನಾನು ತಿಳಿದೆ. ಪೆಟ್ಟಿಗೆಗಟ್ಟಲೆ ಸಿಲಿಕೋನ್ ಸೀಲಂಟ್ ಕಳುಹಿಸಿ, ಕಂಡ ಕಂಡ ಸಂದಿಯನ್ನೆಲ್ಲಾ, ಗಾಳಿ ಕಿಂಡಿಯ ಅಂಚನ್ನೂ ಬಿಡದೆ, ಮುಚ್ಚಿರಿ ಎಂದು ಹೇಳಿದೆ. ಅವರು ಹೇಳಿದಂತೆ ಮುಚ್ಚಿದರು. ನೀರು ಇನ್ನಷ್ಟು ಹೆಚ್ಚಾಯಿತು.

ಆ ನೀರು ಹೊರಗಿನದಾಗಿರಲಿಲ್ಲ, ಒಳಗೆ ಮಲಗಿದವರ ಉಸಿರಿನದಾಗಿತ್ತು. ಮಲಗಿದ ಒಬ್ಬ ಮನುಷ್ಯ ರಾತ್ರಿಯಿಡೀ ಉಸಿರು ಮತ್ತು ಬೆವರಿನಿಂದ ಕಾಲು ಲೀಟರಿಗೂ ಹೆಚ್ಚು ನೀರನ್ನು ಗಾಳಿಗೆ ಬಿಡುತ್ತಾನೆ. ಚಿಮಣಿಯಿಲ್ಲದ ಹೀಟರಿನಲ್ಲಿ ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರಿನ ಆವಿ ಕೋಣೆಗೆ ಸೇರುತ್ತದೆ. ಒಳಗಿನ ಗಾಳಿ 20 ಡಿಗ್ರಿ ಬೆಚ್ಚಗಿದ್ದು ತೇವಾಂಶ ಶೇ. 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈ ಸಿಕ್ಕರೂ ಆ ಆವಿ ಅಲ್ಲಿ ನೀರಾಗುತ್ತದೆ. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗಿರುವಾಗ ನಮ್ಮ ಬೆತ್ತಲೆ ಉಕ್ಕಿನ ತೊಲೆ ಅದಕ್ಕಾಗಿಯೇ ಕಾದಿತ್ತು. ಗಾಳಿ ಕಿಂಡಿ ಮುಚ್ಚಿಸಿದ್ದರಿಂದ ಆವಿ ಹೊರಹೋಗುವ ಒಂದೇ ದಾರಿಯನ್ನೂ ನಾನೇ ಕಟ್ಟಿಸಿದ್ದೆ. ಅಂಥ ಕೋಣೆಯಲ್ಲಿ ಹೀಟರ್ ಉರಿಸಿದರೆ ಇಂಗಾಲದ ಮಾನಾಕ್ಸೈಡ್ ತುಂಬಿ ಜೀವಕ್ಕೇ ಅಪಾಯ ಎಂಬುದು ಆಮೇಲೆ ಹೊಳೆದಾಗ, ಹಣ ಹೋದ ಸಂಕಟಕ್ಕಿಂತ ಅದೇ ಹೆಚ್ಚು ನಿದ್ದೆಗೆಡಿಸಿತು. ಕಿಂಡಿಗಳನ್ನು ತೆರೆಸಿದ್ದು ಆಗಲೇ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಚೌಕಟ್ಟು ಪೂರ್ತಿಯಾಗಿ ಪ್ಯಾನೆಲ್ಲಿನ ಹೊರಗೇ ಉಳಿಯಬೇಕು, ಇಲ್ಲವೇ ಕಂಬದ ಒಳಮುಖಕ್ಕೆ ಇನ್ನೊಂದು ಪದರ ಪ್ಯಾನೆಲ್ ಹೊದಿಸಬೇಕು. ಉಕ್ಕು ಉಕ್ಕಿಗೆ ತಾಗುವಲ್ಲಿ ನೈಲಾನ್ ಅಥವಾ ರಬ್ಬರಿನ ದಪ್ಪ ಪಟ್ಟಿ ಬೇಕು. ಆವಿ ತಡೆಯುವ ಹಾಳೆ ಬೆಚ್ಚಗಿರುವ ಕಡೆಗೆ, ಅಂದರೆ ಒಳಗಡೆಗೆ ಬರಬೇಕು. ಶೆಡ್ಡಿನಲ್ಲೇ ಮಾಡಿದ್ದರೆ ಇದರ ಖರ್ಚು ಒಟ್ಟು ವೆಚ್ಚದಲ್ಲಿ ಗೊತ್ತೇ ಆಗುತ್ತಿರಲಿಲ್ಲ. ಆದರೆ ಲಡಾಖಿಗೆ ಹೋಗುವ ದಾರಿಯಲ್ಲಿರುವ 11,500 ಅಡಿ ಎತ್ತರದ ಜೋಜಿ ಲಾ ಕಣಿವೆಮಾರ್ಗ ಹಿಮದಲ್ಲಿ ಮುಚ್ಚಿದ್ದಾಗ ದಾವಣಗೆರೆಯಿಂದ ರಬ್ಬರ್ ಪಟ್ಟಿ ಕಳುಹಿಸುವುದು ಹೇಗೆ? ದಾರಿ ತೆರೆಯುವವರೆಗೆ ಕಾಯಬೇಕಾಯಿತು. ದಾರಿ ತೆರೆದ ಮೇಲೆ ಹೋದ ನಮ್ಮ ಹುಡುಗರು ಆ ಎತ್ತರದಲ್ಲಿ ನಾಲ್ಕು ಬೋಲ್ಟ್ ಬಿಗಿದು ಏದುಸಿರು ಬಿಡುತ್ತಿದ್ದರು. ಮುಖ್ಯ ಗುತ್ತಿಗೆದಾರರು ನಮ್ಮ ಬಾಕಿಯನ್ನು ತಡೆಹಿಡಿದರು. ರಿಪೇರಿ ಖರ್ಚಿಗಾಗಿ ಶೆಡ್ಡಿನ ಪಕ್ಕದ ಖಾಲಿ ನಿವೇಶನವನ್ನು ಮಾರಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಳೆಯದೋ ಹೊಸದೋ ಎಂಬುದು ಆಮೇಲಿನ ಮಾತು, ಒಂದೇ ಘಟಕ ಎರಡೂ ಕಡೆಗೆ ಸಲ್ಲುತ್ತದೆ ಎಂಬ ನಿಮ್ಮ ಊಹೆಯೇ ನಿಲ್ಲುವುದಿಲ್ಲ. ಎತ್ತರದ ಸೇನಾ ಠಾಣೆಗೆ ಬೇಕಾದದ್ದು ನಾಲ್ಕು ಜನ ಹೊತ್ತು ಒಯ್ಯಬಲ್ಲ ತುಂಡುಗಳು, ಕೈಗವಸು ಹಾಕಿದ ಕೈಯಲ್ಲೂ ಬಿಗಿಯಬಹುದಾದ ಬೋಲ್ಟುಗಳು ಮತ್ತು ತೇವಾಂಶದ ಲೆಕ್ಕ. ನಮ್ಮ ಬಯಲುಸೀಮೆಗೆ ಬೇಕಾದದ್ದು ನೆರಳು, ಎತ್ತರದ ಸೂರು, ಎದುರು ಬದುರು ಕಿಟಕಿ. ಒಂದಕ್ಕೆ ಗುಣವಾದದ್ದು ಇನ್ನೊಂದಕ್ಕೆ ದೋಷ.

ಪರಿಹಾರದ ಮಾರುಕಟ್ಟೆಯ ಬಗ್ಗೆಯೂ ನಿಮಗಿರುವಷ್ಟು ಭರವಸೆ ನನಗಿಲ್ಲ. ಉಳಿದುಹೋದ ಎರಡು ಘಟಕಗಳನ್ನು ಮಾರಲೆಂದು, ತುಂಗಭದ್ರೆ ಉಕ್ಕಿದ್ದ ಮಳೆಗಾಲವೊಂದರಲ್ಲಿ ತಾಲ್ಲೂಕು ಮಟ್ಟದ ಅಧಿಕಾರಿಯೊಬ್ಬರ ಬಳಿಗೆ ಹೋಗಿದ್ದೆ. ಅವರು ಸಮಾಧಾನದಿಂದಲೇ ಕೇಳಿದರು: ‘ಇದನ್ನು ಇಳಿಸುವುದಕ್ಕೆ ಹೈಡ್ರಾ ಕ್ರೇನ್ ಬೇಕಲ್ಲವೇ? ಈ ಎರೆ ಮಣ್ಣಿನಲ್ಲಿ ಈಗ ಹೈಡ್ರಾ ಹೂತುಕೊಂಡರೆ ಅದನ್ನು ಎತ್ತುವುದಕ್ಕೆ ಏನು ತರಿಸಲಿ?’ ನನ್ನಲ್ಲಿ ಉತ್ತರವಿರಲಿಲ್ಲ. ಹೊನ್ನಾಳಿಯಲ್ಲೋ ಹರಿಹರದಲ್ಲೋ ನದಿದಂಡೆಯ ಮನೆಗಳಿಗೆ ನೀರು ನುಗ್ಗಿದರೆ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಕಾಳಜಿ ಕೇಂದ್ರ ತೆರೆಯುತ್ತಾರೆ. ನೀರು ಇಳಿದ ಕೂಡಲೇ ಜನ ಮನೆಗೆ ಮರಳುತ್ತಾರೆ. ಅಷ್ಟರೊಳಗೆ ನಿಮ್ಮ ಲಾರಿ ಚಿತ್ರದುರ್ಗದಿಂದ ಹೊರಟಿರುವುದೂ ಇಲ್ಲ. ಕಂಟೇನರ್ ವಸತಿ ಅರ್ಥಪೂರ್ಣವಾಗುವುದು ಜನ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮನೆಗೆ ಮರಳಲಾಗದಾಗ. ಜೋರ್ಡಾನಿನ ಜಾತಾರಿಯಲ್ಲಿ ಸಿರಿಯಾ ನಿರಾಶ್ರಿತರ ಶಿಬಿರದ ಡೇರೆಗಳ ಜಾಗಕ್ಕೆ ಕ್ಯಾರವಾನ್ ಎಂಬ ಸಿದ್ಧ ಕೋಣೆಗಳು ಬಂದದ್ದು, 2023ರ ಫೆಬ್ರುವರಿ 6ರ ಭೂಕಂಪದ ನಂತರ ಟರ್ಕಿಯಲ್ಲಿ ಕಂಟೇನರ್ ನಗರಗಳು ಎದ್ದದ್ದು ಅಂಥ ಸಂದರ್ಭದಲ್ಲಿ.

ಹಳೆಯ ಶಿಪ್ಪಿಂಗ್ ಕಂಟೇನರಿನಲ್ಲಿ ಸಂಸಾರ ಹೂಡಿಸುವುದನ್ನು ನಾನಂತೂ ಒಪ್ಪುವುದಿಲ್ಲ. 20 ಅಡಿಯ ಪೆಟ್ಟಿಗೆಯ ಒಳಗಲ ಸುಮಾರು 2.35 ಮೀಟರ್, ನೆಲದ ವಿಸ್ತೀರ್ಣ 14 ಚದರ ಮೀಟರಿಗೆ ತುಸು ಕಡಿಮೆ. ಮಾನವೀಯ ನೆರವಿಗೆ ಜಗತ್ತು ಅನುಸರಿಸುವ ಸ್ಫಿಯರ್ ಮಾನದಂಡದ ಪ್ರಕಾರ, ಅಡುಗೆ ಮತ್ತು ಸ್ನಾನದ ಜಾಗ ಬಿಟ್ಟು ತಲೆಗೆ ಕನಿಷ್ಠ 3.5 ಚದರ ಮೀಟರ್ ಬೇಕು. ಗೋಡೆಗೆ ಪ್ಯಾನೆಲ್ ಹೊದಿಸಿದ ಮೇಲೆ ನಾಲ್ಕು ಜನರಿಗೂ ಆ ಲೆಕ್ಕ ಕೂಡುವುದಿಲ್ಲ. ಬಿಸಿ ಹವೆಯ ಊರುಗಳಿಗೆ ಸೂರಿನ ಎತ್ತರ 2.6 ಮೀಟರ್ ಇರಲಿ ಎನ್ನುತ್ತದೆ ಅದೇ ಮಾನದಂಡ, ಮಾಮೂಲಿ ಕಂಟೇನರಿನ ಒಳಎತ್ತರವಿರುವುದು 2.4ರ ಆಸುಪಾಸು. ನೆಲದ ಪ್ಲೈವುಡ್ಡಿಗೆ ಕೀಟನಾಶಕ ಉಣಿಸಿರುತ್ತಾರೆ, ಅದನ್ನು ಕಿತ್ತು ಬದಲಿಸಬೇಕು. ಕಿಟಕಿಗೆಂದು ಮಡಿಕೆ ತಗಡಿನ ಗೋಡೆಯನ್ನು ಕತ್ತರಿಸಿದರೆ ಬಲ ಹೋಗುತ್ತದೆ, ಸುತ್ತ ಮತ್ತೆ ಚೌಕಟ್ಟು ಕೊಡಬೇಕು. ಇಷ್ಟೆಲ್ಲಾ ಮಾಡುವುದಾದರೆ ಹಳೆಯದರಲ್ಲಿ ಉಳಿತಾಯ ಎಲ್ಲಿ ಬಂತು? ಚಿಕಿತ್ಸಾ ಕೊಠಡಿ, ಔಷಧ ದಾಸ್ತಾನು, ಶೌಚಾಲಯ, ಜನರೇಟರ್ ಕೋಣೆ ಇವುಗಳಿಗಾದರೆ ಗಟ್ಟಿ ಪೆಟ್ಟಿಗೆ ಒಳ್ಳೆಯದೇ. ಆದರೆ ತುರ್ತು ಚಿಕಿತ್ಸೆಯ ಸಾಮಗ್ರಿಯಲ್ಲೂ ಈಗ ಒಲವು ಚಿಕ್ಕ ಘಟಕಗಳ ಕಡೆಗೇ ಇದೆ. ನಮ್ಮ ಸರ್ಕಾರದ ‘ಭೀಷ್ಮ’ ಕ್ಯೂಬು 72 ತುಂಡುಗಳಾಗಿ ಬಿಚ್ಚಿಕೊಂಡು, ಕೈಯಲ್ಲಿ ಹೊತ್ತೊಯ್ಯುವಂತಿದ್ದು, 200 ಗಾಯಾಳುಗಳನ್ನು ನೋಡಿಕೊಳ್ಳುವಷ್ಟು ಸಾಮಗ್ರಿ ಹೊಂದಿದೆ.

ಚಳ್ಳಕೆರೆಯ ಡಿಆರ್‌ಡಿಒ ಹತ್ತಿರವಿರುವುದು ಅನುಕೂಲ ಎಂದಿದ್ದೀರಿ. 2017ರಲ್ಲಿ ಉದ್ಘಾಟನೆಯಾದ ಅದು ವಿಮಾನಗಳ ಹಾರಾಟ ಪರೀಕ್ಷೆಯ ವಲಯ, ಅಲ್ಲಿ ಯಾರೂ ನಿಮ್ಮಿಂದ ಬ್ಯಾರಕ್ ಕೊಳ್ಳುವುದಿಲ್ಲ. ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಬ್ಯಾಡಗಿ. ಅಲ್ಲಿ ಮೆಣಸಿನಕಾಯಿ ಇಡುವ ಶೈತ್ಯಾಗಾರಗಳಿವೆ. ಎರಡು ಪ್ಯಾನೆಲ್, ಒಂದು ಕಂಬ, ಒಂದು ತೊಲೆ ಸೇರಿಸಿ ಒಂದು ಮೂಲೆಯ ನಮೂನೆ ಮಾಡಿ, ಉಳಿದ ಬದಿಗಳನ್ನು ಥರ್ಮೋಕೋಲಿನಿಂದ ಮುಚ್ಚಿ, ಒಳಗೆ ವಿದ್ಯುತ್ ಕೆಟಲಿನಲ್ಲಿ ನೀರು ಕುದಿಯಲು ಬಿಟ್ಟು ಒಂದು ರಾತ್ರಿ ಅಲ್ಲಿ ಇರಿಸಿ. ಲಡಾಖಿನ ಚಳಿ ಅಲ್ಲಿಲ್ಲ, ಆದರೆ ತಪ್ಪು ಜೋಡಣೆಯಿದ್ದರೆ ಬೆಳಿಗ್ಗೆ ಕಂಬದ ಮೇಲೆ ಬೆರಳಾಡಿಸಿದರೆ ಗೊತ್ತಾಗುತ್ತದೆ. ದರ ಬರೆಯುವ ಮೊದಲು ಠಾಣೆಯ ಎತ್ತರ, ಕನಿಷ್ಠ ಉಷ್ಣಾಂಶ, ಒಂದು ಕೋಣೆಯಲ್ಲಿ ಮಲಗುವವರ ಸಂಖ್ಯೆ ಮತ್ತು ಹೀಟರಿನ ಬಗೆಯನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಉಪಗುತ್ತಿಗೆಯಲ್ಲೇ ಇಳಿಯುವುದಾದರೆ ಮೊದಲು ಸಣ್ಣ ಉದ್ದಿಮೆಗಳಿಗಿರುವ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿ ಮಾಡಿಸಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಸರಕನ್ನು ಸ್ವೀಕರಿಸಿದ ಖರೀದಿದಾರ ಸಣ್ಣ ಉದ್ದಿಮೆಗೆ 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ಬಡ್ಡಿ ಸೇರುತ್ತದೆ. ‘ನಮಗೆ ಬಂದ ಮೇಲೆ ನಿಮಗೆ’ ಎಂಬ ಸಾಲು ಒಪ್ಪಂದದಲ್ಲಿ ಕಂಡರೆ ಸಹಿ ಹಾಕುವ ಮೊದಲೇ ಅದನ್ನು ಹೊಡೆಸಿ ಹಾಕಿ.