ಹಲಗೆ ಹೊಡೆದ ಬಾಗಿಲು

ಪ್ರಶ್ನೆ: ಅಂಪಾರೋ ದಾವಿಲಾ ಅವರ ‘ಅತಿಥಿ’ ಕಥೆಯನ್ನು ನಮ್ಮ ಓದುಕೂಟದಲ್ಲಿ ಓದಿದೆವು. ಇಬ್ಬರು ಹೆಂಗಸರು ಸೇರಿ ಒಂದು ಜೀವವನ್ನು ಕೂಡಿಹಾಕಿ ಹಸಿವಿನಿಂದ ಸಾಯಿಸುತ್ತಾರೆ. ಇದನ್ನು ಬಂಡಾಯ ಅನ್ನಬಹುದಾ? ಅದು ಪ್ರಾಣಿಯೋ ಮನುಷ್ಯನೋ ಅಂತಲೂ ತಿಳಿಯಲಿಲ್ಲ.
— ಓದುಗಿ, ಉಡುಪಿ

ಉತ್ತರ: ಅದೇನೆಂದು ದಾವಿಲಾ ಕೊನೆಯವರೆಗೂ ಹೇಳುವುದಿಲ್ಲ. ಮೆಕ್ಸಿಕೋದ ಈ ಲೇಖಕಿಯ ಕಥೆ 1959ರ ಸಂಕಲನದ್ದು. ಹಳದಿ ಕಣ್ಣು, ಮಿಟುಕಿಸದ ರೆಪ್ಪೆ, ನಮಗೆ ಸಿಗುವುದು ಅಷ್ಟೇ. ಆದರೆ ಅದನ್ನು ಮನೆಗೆ ತಂದವನು ಯಾರು? ಗಂಡ. ಹೆಂಡತಿ ಹೆದರಿಕೆ ಅಂದರೆ, ನಿನ್ನ ತಲೆ ದಿನೇ ದಿನೇ ಕೆಡುತ್ತಿದೆ ಅನ್ನುತ್ತಾನೆ.

ಇಲ್ಲಿ ನನಗೆ ನಮ್ಮತ್ತೆ ನೆನಪಾಗುತ್ತಾರೆ. ಮಂಗಳೂರಿನ ಬೋಳಾರದ ಹಳೇ ಮನೆಯಲ್ಲಿ, ಅಟ್ಟದ ಮೇಲೆ ರಾತ್ರಿ ಯಾರೋ ನಡೆಯುತ್ತಾರೆ ಅಂತ ಎರಡು ವರ್ಷ ಹೇಳಿದರು. ಭ್ರಮೆ ಅಂದೆವು. ನಾನೂ ಅಂದೆ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲು ಬಂದವರಿಗೆ ಅಲ್ಲಿ ಪುನುಗು ಬೆಕ್ಕು ಮರಿ ಹಾಕಿದ್ದು ಸಿಕ್ಕಿತು. ಅತ್ತೆ ಏನೂ ಅನ್ನಲಿಲ್ಲ. ಸುಮ್ನೆ ನಮ್ಮೆಲ್ಲರ ಮುಖ ನೋಡಿದರು. ಆ ನೋಟ ಈಗಲೂ ನನ್ನನ್ನು ಬಿಟ್ಟಿಲ್ಲ.

ಹಾಗಾಗಿ ನಾನು ಇದನ್ನು ಬಂಡಾಯವೆಂದೇ ಓದುತ್ತೇನೆ. ಕಥೆಯಲ್ಲಿ ಹೆಂಡತಿಗೆ ಹೆಸರಿಲ್ಲ, ಗಂಡನಿಗೂ ಇಲ್ಲ. ಹೆಸರಿರುವುದು ಮನೆಕೆಲಸದ ಗ್ವಾದಲೂಪೆಗೆ, ಅವಳ ಪುಟ್ಟ ಮಗ ಮಾರ್ತೀನ್‌ಗೆ. ಆ ಮಗುವಿಗೆ ‘ಅತಿಥಿ’ ಹೊಡೆದ ಮೇಲೆಯೇ ಇಬ್ಬರೂ ಒಂದಾಗುವುದು. ಒಡತಿ, ಆಳು ಅನ್ನುವ ಗೆರೆ ಅಲ್ಲಿ ಅಳಿಸುತ್ತದೆ. ಗಂಡ ಊರಿಗೆ ಹೋದಾಗ ಬಾಗಿಲಿಗೆ ಹಲಗೆ ಹೊಡೆಯುತ್ತಾರೆ. ಒಳಗಿನ ಸದ್ದು ನಿಲ್ಲಲು ಸುಮಾರು ಎರಡು ವಾರ ಬೇಕಾಗುತ್ತದೆ. ಅಷ್ಟೂ ದಿನ ಅದನ್ನು ಕೇಳುತ್ತಾ ಅವರು ಅದೇ ಮನೆಯಲ್ಲಿರುತ್ತಾರೆ. ನಿಮಗೆ ಕಸಿವಿಸಿ ಆದದ್ದು ಸರಿಯೇ. ನನಗೂ ಆಗುತ್ತದೆ.

ಮುಂದಿನ ಸಲ ಪೋರ್ಟೊರಿಕೊದ ರೊಸಾರಿಯೋ ಫೆರ್ರೆ ಅವರ ‘ಕಿರಿಯ ಗೊಂಬೆ’ ಓದಿ. ಹೊಳೆಯಲ್ಲಿ ಮೀಯುವಾಗ ಸೋದರತ್ತೆಯೊಬ್ಬಳ ಮೀನಖಂಡಕ್ಕೆ ಸಿಗಡಿ ಹೊಕ್ಕು ಅಲ್ಲೇ ಬೆಳೆಯುತ್ತದೆ. ದಿನಾ ಎಟ್ಟಿ, ಅಂದರೆ ಸಿಗಡಿ, ಸುಲಿಯುವ ನಮಗೆ ಅದರ ಮೀಸೆ ಹೇಗಿರುತ್ತದೆ ಅಂತ ಬೇರೆ ಹೇಳಬೇಕಾ! ಡಾಕ್ಟರು ಗುಣ ಮಾಡಬಹುದಿತ್ತು, ಮಾಡುವುದಿಲ್ಲ. ಆ ಕಾಲಿನ ಚಿಕಿತ್ಸೆಯ ದುಡ್ಡಲ್ಲೇ ಮಗನನ್ನು ಓದಿಸುತ್ತಾನೆ. ಮಗನೂ ಡಾಕ್ಟರಾಗಿ ಅವಳ ಕಿರಿಯ ಸೋದರ ಸೊಸೆಯನ್ನೇ ಮದುವೆಯಾಗುತ್ತಾನೆ. ದೊಡ್ಡ ಮನೆತನದ ಹೆಣ್ಣನ್ನು ತಂದಿದ್ದೇನೆ ಅಂತ ಊರಿಗೆ ತೋರಿಸಲು ಅವಳನ್ನು ದಿನಾ ಬಾಲ್ಕನಿಯಲ್ಲಿ ಕೂರಿಸುತ್ತಾನೆ. ಅತ್ತೆ ಕೊಟ್ಟ ಗೊಂಬೆಯ ವಜ್ರದ ಕಣ್ಣು ಕಿತ್ತು ಒತ್ತೆ ಇಡುತ್ತಾನೆ. ವರ್ಷಗಳ ನಂತರ ಒಂದು ರಾತ್ರಿ, ಮಲಗಿದ ಹೆಂಡತಿಯ ಎದೆಗೆ ಸ್ಟೆತಾಸ್ಕೋಪ್ ಇಡುತ್ತಾನೆ. ದೂರದಲ್ಲಿ ನೀರಿನ ಸದ್ದು ಕೇಳುತ್ತದೆ.

ಅಲ್ಲಿಂದ ಮುಂದಿನದನ್ನು ಕೂಟದಲ್ಲಿ ಯಾರಾದರೂ ಗಟ್ಟಿಯಾಗಿ ಓದಿ.