ನಕ್ಷತ್ರದ ಹತ್ತಿರ ಹೋಗದೆ ಅದರ ಬಿಸಿ ಎಷ್ಟೆಂದು ಹೇಗೆ ಅಳೆಯುತ್ತಾರೆ?

ಬೆಳಕು ನೋಡಿಯೇ. ಜನವರಿಯಲ್ಲಿ ರಾತ್ರಿ ಎಂಟು-ಒಂಬತ್ತರ ಹೊತ್ತಿಗೆ ಚಳ್ಳಕೆರೆ ಕಡೆಯ ಯಾವುದಾದರೂ ಹೊಲದಲ್ಲಿ ನಿಂತು ಪೂರ್ವಕ್ಕೆ ನೋಡಿ. ನಮ್ಮ ಶೇಂಗಾ ರೈತರು ಆರಿದ್ರಾ ಮಳೆ ಅಂತಾರಲ್ಲ, ಆ ಆರ್ದ್ರಾ ನಕ್ಷತ್ರ ಕೆಂಪಗೆ ಕಾಣುತ್ತದೆ. ಅದೇ ಓರಿಯನ್ ಪುಂಜದ ಎದುರು ಮೂಲೆಯ ರೈಜೆಲ್ ನೀಲಿ-ಬಿಳಿ. ಕುಲುಮೆಯಲ್ಲಿ ನೇಗಿಲ ಕುಳ ಮೊದಲು ಕೆಂಪಗಾಗಿ, ಇನ್ನೂ ಕಾದಂತೆ ಹಳದಿಗೆ ತಿರುಗುತ್ತದಲ್ಲ, ಹಾಗೇ ಇದೂ. ಆರ್ದ್ರಾದ ಹೊರಮೈ ಸುಮಾರು 3,500 ಕೆಲ್ವಿನ್, ಸೂರ್ಯನದು 5,772, ರೈಜೆಲ್‌ನದು ಸುಮಾರು 12,000.

ಬೆಳಕು ಅತಿ ಪ್ರಖರವಾಗಿರುವ ತರಂಗಾಂತರವನ್ನು (ಬೆಳಕಿನ ಅಲೆಯ ಉದ್ದ, ಬಣ್ಣ ನಿರ್ಧಾರವಾಗುವುದು ಇದರಿಂದಲೇ) ನ್ಯಾನೊಮೀಟರ್‌ನಲ್ಲಿ ತಗೊಂಡು, 29 ಲಕ್ಷವನ್ನು ಅದರಿಂದ ಭಾಗಿಸಿದರೆ ತಾಪ ಬರುತ್ತದೆ. ಸೂರ್ಯನಿಗೆ ಹಾಕಿ ನೋಡಿ, ಆ ತರಂಗಾಂತರ ಸುಮಾರು 500, ಭಾಗಿಸಿದರೆ 5,800 ಕೆಲ್ವಿನ್ ಆಸುಪಾಸು. ಇದು ವೀನ್ ನಿಯಮ. ರೂಢಿಯಲ್ಲಿ ನೀಲಿ ಫಿಲ್ಟರ್, ಹಳದಿ-ಹಸಿರು ಫಿಲ್ಟರ್ ಹಾಕಿ ಎರಡರಲ್ಲೂ ಹೊಳಪು ಅಳೆದು ಹೋಲಿಸುತ್ತಾರೆ. ಒಂದೇ ಕಿರಿಕಿರಿ: ದಾರಿಯಲ್ಲಿರುವ ಧೂಳು ನೀಲಿಯನ್ನು ಹೆಚ್ಚು ತಡೆದು, ನಕ್ಷತ್ರವನ್ನು ಇದ್ದುದಕ್ಕಿಂತ ಕೆಂಪಗೆ ತೋರಿಸಿಬಿಡುತ್ತದೆ.

ಅದಕ್ಕೇ ನನಗೆ ರೋಹಿತದ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯ, ಕಪ್ಪು ಗೆರೆಗಳ ಮೇಲೆ ಹೆಚ್ಚು ಭರವಸೆ. ಧೂಳು ಅವುಗಳ ವಿನ್ಯಾಸವನ್ನು ಕೆಡಿಸಲಾರದು. ಸುಮಾರು 10,000 ಕೆಲ್ವಿನ್‌ನಲ್ಲಿ ಹೈಡ್ರೋಜನ್ ಗೆರೆಗಳು ಗಾಢ. ಬಿಸಿ ಇನ್ನೂ ಏರಿದರೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಆ ಗೆರೆಗಳು ಮಸುಕಾಗುತ್ತವೆ. ಆರ್ದ್ರಾದಂಥ ತಣ್ಣನೆಯದರಲ್ಲಿ ಟೈಟೇನಿಯಂ ಆಕ್ಸೈಡ್ ಅಣುವಿನ ಅಗಲ ಪಟ್ಟಿಗಳೇ ಕಾಣುತ್ತವೆ. ಯಾವ ತಾಪದಲ್ಲಿ ಎಷ್ಟು ಪರಮಾಣು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ ಎಂಬ ಸಮೀಕರಣ ಕೊಟ್ಟವರು ನಮ್ಮ ಭೌತವಿಜ್ಞಾನಿ ಮೇಘನಾದ ಸಹಾ, 1920ರಲ್ಲಿ. ಐದು ವರ್ಷದ ನಂತರ ಖಗೋಳವಿಜ್ಞಾನಿ ಸಿಸಿಲಿಯಾ ಪೇನ್ ಅದನ್ನೇ ಹಿಡಿದು, ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಅತಿ ಹೆಚ್ಚು ಎಂಬುದನ್ನೂ ಲೆಕ್ಕ ಹಾಕಿದರು.