ಕಣದಲ್ಲಿ ಕಾಫಿ, ತಲೆಯಲ್ಲಿ ಕಾವು

ಪ್ರಶ್ನೆ: ಕಾಫಿ ತೋಟವೊಂದರಲ್ಲಿ ಮ್ಯಾನೇಜರ್. ಕೊಯ್ಲಿನ ಹೊತ್ತಿನಲ್ಲಿ ಅಕಾಲ ಮಳೆ ಬಂದು ಕಣದಲ್ಲಿ ಒಣಗಲು ಹರಡಿದ ಕಾಫಿ ನೆನೆದರೆ ಮೇಸ್ತ್ರಿ, ಲೆಕ್ಕ ಬರೆಯುವ ರೈಟರ್ ಎಲ್ಲರ ಮೇಲೂ ರೇಗಿಬಿಡುತ್ತೇನೆ. ರಾತ್ರಿಯೆಲ್ಲ ಅದೇ ಗುಂಗು. ಯಾರೋ ಹೇಳಿದರೆಂದು ಒಂದು ವಾರ ದಿನಚರಿ ಬರೆದೆ. ಸಿಟ್ಟು ಇನ್ನೂ ಜಾಸ್ತಿಯಾಯಿತು. ಎಲ್ಲಿ ತಪ್ಪಿದೆ?
- ಓದುಗರು, ಮೂಡಿಗೆರೆ

ಉತ್ತರ: ನೀವು ಬರೆದದ್ದು ಬಹುಶಃ ದೂರಿನ ಪಟ್ಟಿ. "ಇವರು ಯಾಕೆ ಹೀಗೆ?" ಎಂದು ಶುರುವಾದ ಬರಹ ಗಾಣದೆತ್ತಿನಂತೆ ಅಲ್ಲಲ್ಲೇ ಸುತ್ತುತ್ತದೆ. "ಏನಾಯಿತು, ಎಷ್ಟು ಗಂಟೆಗೆ" ಎಂದು ಶುರು ಮಾಡಿ ನೋಡಿ:

"3.40ಕ್ಕೆ ಮೋಡ ಕವಿಯಿತು. 4.10ಕ್ಕೆ ಟಾರ್ಪಾಲ್ ಹೊದಿಸಿದರು. ಆ ಅರ್ಧ ಗಂಟೆ ನಾನು ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಹತ್ತಿರ ಫೋನಿನಲ್ಲಿದ್ದೆ."

ಮೂರನೇ ಸಾಲಿಗೆ ಕೈ ತಡೆಯುತ್ತದೆ. ತಡೆದರೂ ಬರೆಯಿರಿ. ಆಮೇಲೆ ಒಳಗಿನದಕ್ಕೆ ಒಂದೇ ಪದದ ಹೆಸರು: ಸಿಟ್ಟೋ, ಧಣಿಗಳಿಗೆ ಏನು ಹೇಳಲಿ ಎಂಬ ಭಯವೋ? ಬಹಳ ಸಲ ಭಯವೇ. ಕೊನೆಯ ಸಾಲು ನಾಳೆಯದು: "2 ಗಂಟೆಗೇ ಟಾರ್ಪಾಲ್ ಕಣದ ಅಂಚಿಗೆ ತರಿಸುವುದು."

ಅಲಾರಂ ಇಟ್ಟುಕೊಂಡು 10 ನಿಮಿಷ, ರಾತ್ರಿ ಊಟಕ್ಕೆ ಮುಂಚೆ, ಕಾಗದದ ಮೇಲೆ. ಹಾಸಿಗೆಯಲ್ಲಿ ಕೂತು ಬರೆದರೆ ಗುಂಗು ದಿಂಬಿಗೆ ಬರುತ್ತದೆ. ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕದ ಹಿಂದಿನ ಪುಟದಲ್ಲಂತೂ ಬೇಡ, ಬೆಳಿಗ್ಗೆ ಅದನ್ನು ತೆರೆಯುವವರೇ ರೈಟರ್!

ಬೈಯಲೇಬೇಕು ಅನ್ನಿಸಿದರೆ ಪತ್ರ ಬರೆದು, ಕಳಿಸದೆ ಇಡಿ. 1863ರ ಜುಲೈನಲ್ಲಿ, ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, ಗೆಟಿಸ್‌ಬರ್ಗ್ ಕದನ ಗೆದ್ದ ಜನರಲ್ ಮೀಡ್, ಸೋತ ಸೇನೆ ನದಿ ದಾಟಿ ಪಾರಾಗಲು ಬಿಟ್ಟರೆಂದು ಅಬ್ರಹಾಂ ಲಿಂಕನ್ ನೊಂದು ಪತ್ರ ಬರೆದರು. ಲಕೋಟೆಯ ಮೇಲೆ "ಕಳಿಸಿಲ್ಲ, ಸಹಿ ಹಾಕಿಲ್ಲ" ಎಂದು ಗೀಚಿ ಎತ್ತಿಟ್ಟರು.

ಹನಿ ಬೀಳುತ್ತಿರುವಾಗ ಪುಸ್ತಕ ತೆಗೆಯಲಾಗದು, ನಿಜ. ಕಣಕ್ಕೆ ನಡೆಯುವಾಗಲೇ 4 ಎಣಿಸುತ್ತ ಉಸಿರು ಒಳಗೆ, 6 ಎಣಿಸುತ್ತ ಹೊರಗೆ. ಹೀಗೆ ಆರು ಸಲ, ಒಂದು ನಿಮಿಷ. ಬಿಡುವ ಉಸಿರು ಉದ್ದವಾದಷ್ಟು ಎದೆಬಡಿತ ತಗ್ಗುತ್ತದೆ. ತಲೆ ಸುತ್ತಿದರೆ ಉಸಿರನ್ನು ಜೋರಾಗಿ ಎಳೆಯುತ್ತಿದ್ದೀರಿ ಎಂದರ್ಥ, ಮೆತ್ತಗೆ ಮಾಡಿ.

ಸಂತೆ ರಜೆಯ ದಿನ ವಾರದ ಪುಟಗಳನ್ನು ಒಮ್ಮೆ ತಿರುವಿ. ಪ್ರತಿ ಸಲ ಅದೇ 4 ಗಂಟೆಗೇ ಎಡವಟ್ಟಾಗಿದ್ದರೆ, ಆ ಹೊತ್ತಿಗೆ ಕಣದಲ್ಲಿ ಇನ್ನಿಬ್ಬರು ಆಳು ಬೇಕು. ಎರಡು ವಾರ ಕಳೆದರೂ ನಿದ್ದೆ ಹತ್ತದಿದ್ದರೆ ವೈದ್ಯರನ್ನು ಕಾಣಿ.